ಬೂದು ಬೆಕ್ಕು ನುಂಗಿದ್ದು

ಮುಂಬಯಿಯ ಲೋಕಲ್ ರೈಲಿನಲ್ಲಿ ಪಕ್ಕದವರು ನಿಧಾನವಾಗಿ ಉಸಿರು ಬಿಟ್ಟರೆ ಇಂದಿಗೂ ನಾನು ಮನಸ್ಸಿನಲ್ಲೇ ಎಣಿಸಲು ತೊಡಗುತ್ತೇನೆ. ನಿಲ್ಲಿಸಬೇಕೆಂದರೂ ಹತ್ತರವರೆಗೆ ಹೋಗಿಬಿಡುತ್ತದೆ.

ಆ ವರ್ಷ ಶನಿವಾರ ಮಧ್ಯಾಹ್ನಗಳಲ್ಲಿ ಮಾಟುಂಗದ ಕನ್ನಡ ಸಂಘವೊಂದರ ಕೋಣೆಯಲ್ಲಿ ನಾನು ಮಕ್ಕಳಿಗೆ ಚಿತ್ರಪುಸ್ತಕ ಓದುತ್ತಿದ್ದೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ, ಗೋರೆಗಾಂವ್‌ನ ಆಫೀಸಿನಲ್ಲಿ ಅದರಿಂದ ಉಪಯೋಗವಿರಲಿಲ್ಲ. ತಮ್ಮೊಳಗೆ ಎದ್ದದ್ದು ಕೋಪವೋ ಭಯವೋ ಎಂದು ಮಕ್ಕಳು ತಾವೇ ಗುರುತಿಸಲಿ, ಅದನ್ನು ಸಂಭಾಳಿಸಲು ಕಲಿಯಲಿ ಎಂಬುದು ನನ್ನ ಆಸೆ. ನನಗೆ ಸಿಕ್ಕ ಅಂಥ ಪುಸ್ತಕಗಳೆಲ್ಲ ಇಂಗ್ಲಿಷಿನವು. ಸಾಲಿನ ಅಳತೆಗೆ ಬಿಳಿ ಕಾಗದ ಕತ್ತರಿಸಿ, ದುಂಡಗೆ ಕನ್ನಡ ಬರೆದು, ಇಂಗ್ಲಿಷಿನ ಮೇಲೆ ಅಂಟಿಸುತ್ತಿದ್ದೆ. ವಾರಕ್ಕೊಂದು ಮಗು ಒಂದು ಪುಸ್ತಕವನ್ನು ಮನೆಗೆ ಒಯ್ಯಬಹುದಿತ್ತು.

ಅವುಗಳಲ್ಲೊಂದರಲ್ಲಿ ಹುಡುಗಿಯೊಬ್ಬಳ ಕೋಪ ಬೂದು ಬಣ್ಣದ ಬೆಕ್ಕಾಗಿರುತ್ತದೆ. ಅವಳು ಕಿರುಚಿದಷ್ಟೂ ಅದು ಬೆಳೆಯುತ್ತದೆ. ಚೆಂಡನ್ನು, ಮಂಚವನ್ನು, ಕೊನೆಗೆ ಅಜ್ಜಿಯನ್ನೂ ನುಂಗುತ್ತದೆ. ಅವಳು ಹತ್ತು ಉಸಿರು ಎಣಿಸಿದಾಗ ಬೆಕ್ಕು ಸಣ್ಣದಾಗಿ, ನುಂಗಿದ್ದನ್ನೆಲ್ಲ ಹಿಂದಕ್ಕೆ ಕೊಡುತ್ತದೆ.

ಆ ಪುಸ್ತಕವನ್ನು ಆಂಟಾಪ್ ಹಿಲ್‌ನಿಂದ ಬರುತ್ತಿದ್ದ ಏಳು ವರ್ಷದವಳೊಬ್ಬಳು ಒಯ್ದಳು. ವಿಜಯಪುರದ ಕಡೆಯವರು. ಅಪ್ಪನಿಗೆ ಕಟ್ಟಡದ ಕೆಲಸ. ತಾಯಿ ಹೆರಿಗೆಗೆಂದು ತವರಿಗೆ ಹೋಗಿದ್ದಾಳೆಂದು ಕೇಳಿದ್ದೆ. ತರಗತಿಯಲ್ಲಿ ಅವಳಷ್ಟು ಜಗಳಗಂಟಿ ಇನ್ನೊಬ್ಬರಿರಲಿಲ್ಲ. ಕ್ರೇಯಾನ್ ಕಸಿದವಳ ಕೈಯನ್ನು ಹಲ್ಲಿನ ಗುರುತು ಬೀಳುವಂತೆ ಕಚ್ಚಿದ್ದಳು.

ಪುಸ್ತಕ ಮರಳಿಸಿದ ಮೇಲೆ ಅವಳು ಬದಲಾದಳು. ಯಾರಾದರೂ ತಳ್ಳಿದರೆ ಕಣ್ಣು ಮುಚ್ಚಿ, ಒಂದೊಂದೇ ಬೆರಳು ಮಡಚುತ್ತ ಉಸಿರು ಬಿಡುತ್ತಿದ್ದಳು.

"ಅರೇ, ಇವಳಿಗೆ ಗುಸ್ಸಾನೇ ಬರಲ್ಲ. ಬ್ಯಾಟರಿ ಖತಂ!" ಎಂದು ಪಕ್ಕದವಳು ಜಡೆ ಎಳೆದು ನೋಡಿದಳು. ಇವಳು ಎಣಿಸಿದಳು.

ತರಗತಿ ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಅಕ್ಕನಿಗೆ ಖುಷಿಯೋ ಖುಷಿ. "ಎಂಥ ಜೋರಿತ್ತು ಮಾರಾಯ್ತಿ ಅದು! ಈಗ ನೋಡು, ಬೆಣ್ಣೆ. ನಮ್ಮ ಯಜಮಾನರಿಗೂ ಒಮ್ಮೆ ಆ ಪುಸ್ತಕ ಓದಿ ಹೇಳು."

ನಾನೂ ನಕ್ಕೆ. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಮುಂದೆ 'ಉತ್ತಮ ಬದಲಾವಣೆ' ಎಂದು ಬರೆದೆ.

ಐದಾರು ವಾರ ಕಳೆದಿರಬೇಕು. ಒಂದು ಶನಿವಾರ ಉಳಿದ ಮಕ್ಕಳು ಇಳಿದು ಹೋದ ಮೇಲೂ ಅವಳು ಕೂತೇ ಇದ್ದಳು. ಅಂದು ಅಪ್ಪನ ಬದಲು ತಾಯಿ ಕರೆದೊಯ್ಯಲು ಬರುವವಳಿದ್ದಳು.

"ಟೀಚರ್, ಇನ್ನ ಎಷ್ಟ ದಿನ ಎಣಿಸಬೇಕ್ರಿ?"

"ಏನನ್ನ?"

"ಉಸುರು. ಬೆಕ್ಕ ಇನ್ನಾ ವಾಪಸ್ ಕೊಟ್ಟಿಲ್ಲ."

"ಏನು ಕೊಟ್ಟಿಲ್ಲ?"

"ಅವ್ವನ ಕೂಸು."

ಬಿಡಿಬಿಡಿಯಾಗಿ ಹೇಳಿದಳು. ತಾಯಿ ಊರಿಗೆ ಹೊರಟ ದಿನ ಇವಳು ಸ್ಟೇಷನ್‌ನಲ್ಲಿ ಕಿರುಚಿದ್ದಳು, ನನಗೆ ಆ ಕೂಸು ಬೇಡವೇ ಬೇಡ ಎಂದು. ಪುಸ್ತಕ ಮನೆಯಲ್ಲಿದ್ದ ವಾರವೇ ತಾಯಿ ಬರಿಗೈಯಲ್ಲಿ ಮರಳಿದಳು. ಅವ್ವನನ್ನು ಏನೂ ಕೇಳಬೇಡ ಎಂದಿದ್ದ ಅಪ್ಪ. ಅವಳು ಏನೂ ಕೇಳಲಿಲ್ಲ. ಪುಸ್ತಕ ಓದಿದಳು.

ಕಪಾಟಿನಿಂದ ಅದನ್ನು ತೆಗೆದು ಆ ಪುಟ ತೆರೆದೆ. 'ಬೆಕ್ಕು ಎಲ್ಲವನ್ನೂ ನುಂಗಿತು.' ನನ್ನದೇ ಅಕ್ಷರ. ಹಾಳೆಯನ್ನು ಬೆಳಕಿಗೆ ಹಿಡಿದರೆ ಚೀಟಿಯ ಕೆಳಗಿನ ಇಂಗ್ಲಿಷ್ ಮಸುಕಾಗಿ ಕಾಣುತ್ತಿತ್ತು. ಬೆಕ್ಕು ಎಲ್ಲವನ್ನೂ ನುಂಗಿದಂತೆ ಕಥೆಯ ಹುಡುಗಿಗೆ ಅನ್ನಿಸಿತು ಎಂದಿತ್ತು ಅಲ್ಲಿ. ಚೀಟಿಯಲ್ಲಿ ಜಾಗ ಸಾಲದೆ, ಅನ್ನಿಸಿತು ಎಂಬುದನ್ನು ನಾನು ಬಿಟ್ಟಿದ್ದೆ.

"ಕೋಪ ಯಾರನ್ನೂ ನುಂಗಲ್ಲ ಪುಟ್ಟಾ. ನಿನ್ನಿಂದ ಏನೂ ಆಗಿಲ್ಲ."

"ಬುಕ್ಕಿನ್ಯಾಗ ಬರದೈತಲ್ರಿ."

"ಅದನ್ನ ಬರೆದವಳು ನಾನು. ತಪ್ಪು ಬರೆದೆ."

ಅವಳು ನಂಬಲಿಲ್ಲ. ಕಣ್ಣು ಮುಚ್ಚಿ ಬೆರಳು ಮಡಚತೊಡಗಿದಳು. ಹತ್ತು ಮುಗಿದ ಕೂಡಲೇ ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು. ಮತ್ತೆ ಒಂದರಿಂದ ಶುರು. ಮತ್ತೆ ಬಾಗಿಲು. ಇಷ್ಟು ವಾರ ಅವಳು ಹೀಗೇ ನೋಡುತ್ತಿದ್ದಿರಬೇಕು, ನಾನು ಗಮನಿಸಿರಲಿಲ್ಲ. ಮೂರನೆಯ ಸಲ ಅವಳ ಜೊತೆಗೆ ನಾನೂ ಬಾಗಿಲ ಕಡೆ ನೋಡಿದೆ.

ಸ್ವಲ್ಪ ಹೊತ್ತಿಗೆ ತಾಯಿ ಬಂದಳು. ನಾನು ಎಲ್ಲವನ್ನೂ ಹೇಳಿದೆ, ಚೀಟಿಯ ವಿಷಯವನ್ನೂ. ಅವಳು ಗೋಡೆಗೆ ಆತು ಕುಳಿತಳು. "ಶಾಣ್ಯಾಕಿ ಆಗ್ಯಾಳ ಅಂದ್ಕೊಂಡಿದ್ನಿರಿ ಅಕ್ಕಾರ," ಎಂದಳು. ಆಮೇಲೆ ಮಗಳನ್ನು ಕರೆದಳು.

"ಬಾ ಇಲ್ಲಿ. ಕೂಸು ಹೊಟ್ಟ್ಯಾಗ ಇದ್ದಾಗನ ತೀರಕೊಂಡಿತ್ತು. ನೀ ಏನೂ ಮಾಡಿಲ್ಲ. ಅದು ಬರಂಗಿಲ್ಲ."

ಹುಡುಗಿ ತಾಯಿಯ ಎದೆಗೆ ಗುದ್ದಿದಳು. "ಸುಳ್ಳ ಹೇಳ್ತಿ! ನಾ ದಿನಾ ಎಣಿಸೀನಿ! ದಿನಾ!"

ಕೂಗು ಕೇಳಿ ಉಡುಪಿಯ ಅಕ್ಕ ಒಳಕೋಣೆಯಿಂದ ಓಡಿ ಬಂದರು. "ಅಯ್ಯೋ, ಎಂಥ ಆಯ್ತು? ಉಸಿರು ಎಣಿಸ್ಲಿಕ್ಕೆ ಹೇಳು ಅದಕ್ಕೆ!"

ನಾನು ಹೇಳಲಿಲ್ಲ. ತಾಯಿಯೂ ಅವಳ ಕೈ ಹಿಡಿಯಲಿಲ್ಲ. ಹೊಡೆಯುವಷ್ಟು ಹೊಡೆಯಲು ಬಿಟ್ಟಳು.

ದಣಿದ ಮೇಲೆ ಹುಡುಗಿ ಬಿಕ್ಕುತ್ತ ಕೇಳಿದಳು. "ತಮ್ಮನೋ, ತಂಗಿನೋ?"

"ತಂಗಿ."

"ನನ್ನಂಗ ಇದ್ಳಾ?"

ತಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನನಗ ತೋರಿಸ್ಲಿಲ್ಲವ್ವಾ," ಎಂದಳು. "ಹಂಗ ಒಯ್ದುಬಿಟ್ರು."