ವಾಪಸು ಬಾರದ ಫೋಟೊ

ನನಗೆ ವರ ನೋಡುತ್ತಿದ್ದ ಕಾಲದಲ್ಲಿ ನಮ್ಮವ್ವ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಸಂಬಂಧ ಕೂಡಿಬರಲಿಲ್ಲ ಅಂದರೆ ಆ ಮನೆಗೆ ತಾನೇ ಹೋಗಿ ನನ್ನ ಫೋಟೊ ಇಸಿದುಕೊಂಡು ಬರುತ್ತಿದ್ದಳು. ಬೀದರಿನಿಂದ ಬಸ್ಸು ಹತ್ತಿ ಎಕಂಬಾಕ್ಕೆ ಹೋದಳು, ಭಾತಂಬ್ರಾಕ್ಕೂ ಹೋದಳು. ಗಾಂಧಿ ಗಂಜಿನ ವ್ಯಾಪಾರಿಯೊಬ್ಬರು "ಎಲ್ಲೋ ಇಟ್ಟೇವ್ರಿ, ಸಿಕ್ಕರ ಕಳಿಸ್ತೇವಿ" ಅಂದದ್ದಕ್ಕೆ, "ಹುಡುಕ್ರಿ, ನಾ ಕೂತಿರ್ತೇನಿ" ಎಂದು ತೊಗರಿ ಚೀಲದ ಮೇಲೆ ಕೂತೇಬಿಟ್ಟಳು. ಫೋಟೊ ಸಿಕ್ಕಿತು.

"ಹೆಣ್ಣುಮಗಳ ಮಾರಿ ಮಂದಿ ಮನ್ಯಾಗ ಯಾಕ ಇರಬೇಕು?" ಎನ್ನುತ್ತಿದ್ದಳು.

ಕೊನೆಗೆ ಅಣ್ಣ ಒಂದು ಮದುವೆ ಆ್ಯಪಿನಲ್ಲಿ ನನ್ನ ವಿವರ ಹಾಕಿದ. ಭಾಲ್ಕಿಯ ಈ ಸಂಬಂಧ ಅಲ್ಲಿಂದಲೇ ಬಂತು. ನಿಶ್ಚಯವಾದ ದಿನವೇ ಅವ್ವ ಅಣ್ಣನ ಎದುರಿಗೆ ನಿಂತು ಎಲ್ಲ ಅಳಿಸಿಹಾಕಿಸಿದಳು. 'ನಿಮ್ಮ ಖಾತೆ ಮುಚ್ಚಲಾಗಿದೆ' ಎಂದು ಬಂತು. ನಾವು ನಂಬಿದೆವು.

ಈಗ ನನ್ನ ಮಗಳು ಶಾಲೆಗೆ ಹೋಗುತ್ತಾಳೆ. ಮೊನ್ನೆ ಮೈದುನನಿಗೆ ಹೆಣ್ಣು ಹುಡುಕಲು ಮನೆಯವರೆಲ್ಲ ಮೊಬೈಲು ಹಿಡಿದು ಕೂತಿದ್ದರು. ಅಣ್ಣ ನನ್ನ ವಿವರ ಹಾಕಿದ್ದ ಕಂಪನಿಯದೇ ಹೊಸ ಆ್ಯಪು. ನಾನು ಚಹಾ ತಂದಿಟ್ಟು ಬಗ್ಗಿ ನೋಡಿದರೆ, ಪರದೆಯ ಮೇಲೆ ನಾನೇ! ಆಗಿನ ಫೋಟೊದ ಅದೇ ಕೆಂಪು ಸೀರೆ, ಕೆಳಗೆ 'ಅವಿವಾಹಿತೆ, ತಕ್ಕ ವರ ಬೇಕಾಗಿದೆ.'

ಮೈದುನ ತಲೆ ತಗ್ಗಿಸಿ ಎದ್ದು ಹೋದ. ಅತ್ತೆ ಚಹಾ ಮುಟ್ಟಲಿಲ್ಲ.

"ಮಗಳು ಸಾಲಿಗಿ ಹೊಂಟಾಳ, ನೀ ಇನ್ನಾ ಗಂಡು ನೋಡ್ಲಕತ್ತೀ ಏನು?"

"ಅದು ಮದುವಿಗಿಂತ ಮೊದಲಿಂದರಿ. ಆವಾಗೇ ಅಳಿಸೇವ್ರಿ."

"ಅಳಿಸಿದ್ದು ಹ್ಯಾಂಗ ಬಂತು ಮತ್ತ?"

ನನ್ನ ಗಂಡ ಕೈ ಚಾಚಿ ನನ್ನ ಮೊಬೈಲು ಕೇಳಿದರು. ಪೂರ್ತಿ ಜಾಲಾಡಿದರು. ಏನೂ ಸಿಗಲಿಲ್ಲ. ಆದರೂ ವಾಪಸು ಕೊಡುವಾಗ ನನ್ನ ಮುಖ ನೋಡಲಿಲ್ಲ.

ಥೂ, ಎಂಥ ಹೇಸಿಗೆ! ಇಷ್ಟು ವರ್ಷ ಯಾವ ಯಾವ ಊರಿನ ಗಂಡಸರು ನನ್ನ ಮುಖವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರೋ. ಆ ದಿನ ಎರಡನೇ ಸಲ ಸ್ನಾನ ಮಾಡಿದೆ, ಆದರೂ ಮೈ ಹಗುರಾಗಲಿಲ್ಲ.

ಕಂಪನಿಗೆ ಬರೆದೆ. ಉತ್ತರ ಬಹಳ ಸಭ್ಯವಾಗಿ ಬಂತು. ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತವಾಗಿದೆಯಂತೆ. ಅಳಿಸಬೇಕಾದರೆ ಗುರುತಿನ ಚೀಟಿಯ ಜೊತೆಗೆ ಈಗಿನ ಒಂದು ಫೋಟೊ ಕಳಿಸಬೇಕಂತೆ. ನಾಚಿಕೆಗೆಟ್ಟವರು! ಕದ್ದಿಟ್ಟುಕೊಂಡ ಮುಖ ಬಿಟ್ಟುಕೊಡಲು ಇನ್ನೊಂದು ಮುಖ ಬೇಕಂತೆ.

ಅತ್ತೆ ಈಗಲೂ ನನ್ನ ಕೈಯ ಚಹಾ ಕುಡಿಯುವುದಿಲ್ಲ. ನಿನ್ನೆ ತಡೆಯಲಾರದೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿ ಅತ್ತುಬಿಟ್ಟೆ. ಮೊಣಕಾಲು ನೋವಿನಿಂದ ಅವಳಿಗೀಗ ಅಂಗಳ ದಾಟುವುದೇ ಕಷ್ಟ.

"ಅಳಬ್ಯಾಡ, ಸುಮ್ನಿರು. ಆ ಕಂಪನಿಯವರ ಮನಿ ಎಲ್ಲಿ ಅದ ಹೇಳು. ಮುಂಜಾನಿ ಬಸ್ಸಿಗಿ ಹೋಗಿ ಇಸ್ಕೊಂಡು ಬರ್ತೇನಿ."

ಹೇಳಲು ನನ್ನ ಹತ್ತಿರ ಊರಿನ ಹೆಸರೂ ಇರಲಿಲ್ಲ.

"ಭಾಳ ದೂರ ಏನು?" ಎಂದು ಅವ್ವ ಮತ್ತೆ ಕೇಳಿದಳು.