ಡಲ್ಸಿ ಅತ್ತೆ ಎಳೆದ ಗೆರೆ

ಬಿಳಿ ರಕ್ತಕಣಗಳು ಹಾಲಿನಿಂದ ಆಗುತ್ತವೆ, ಅದಕ್ಕೇ ಬಿಳಿ ಎಂದು ಸೆಲ್ಬಿ ಇಪ್ಪತ್ತಮೂರು ವರ್ಷ ತುಂಬುವವರೆಗೂ ನಂಬಿದ್ದ. ಯಾರೂ ಹೇಳಿಕೊಟ್ಟದ್ದಲ್ಲ, ಸ್ವಂತ ತಲೆ ಓಡಿಸಿ ಕಂಡುಹಿಡಿದದ್ದು. ಹಾಗಾಗಿ ಏಡಿಯ ಚಿಪ್ಪಿನ ಮುಳ್ಳು ಬಲಗೈ ಹೆಬ್ಬೆರಳಿಗೆ ಹೊಕ್ಕ ಸಂಜೆ, ಚಹಾಕ್ಕೆಂದು ಇಟ್ಟಿದ್ದ ಡಬ್ಬಿ ಹಾಲನ್ನು ಗಟಗಟನೆ ಕುಡಿದು, ಸೈನ್ಯ ಹೊರಟಿತು ಎಂದುಕೊಂಡು ಮಲಗಿದ. ಕೆಲಸಕ್ಕೆ ರಜೆಯಿದ್ದ ಎರಡು ದಿನವೂ ಹೀಗೇ ಕುಡಿದ. ಮೂರನೆಯ ಬೆಳಿಗ್ಗೆ ಹೊಟ್ಟೆ ಕೆಟ್ಟಿತ್ತು, ಬೆರಳು ಬದನೆಕಾಯಿಯ ಹಾಗೆ ಊದಿತ್ತು.

ಬೆರಳಿಗಿಂತ ಅವನಿಗೆ ಭಯವಿದ್ದದ್ದು ಡಲ್ಸಿ ಅತ್ತೆಯದು.

ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಒಂದು ಸಣ್ಣ ಬಂದರಿನಲ್ಲಿ, ಸೆಲ್ಬಿ ಏಡಿ ಬಿಡಿಸುವ ಕಾರ್ಖಾನೆಗೆ ಡಲ್ಸಿ ಪಾರ್ಡಿ ಮೂವತ್ತು ವರ್ಷದಿಂದ ನರ್ಸು. ಊರಿಗೆಲ್ಲ ಅತ್ತೆ. ಬೆಳಿಗ್ಗೆ ಏಳಕ್ಕೆ ತೊಂಬತ್ತು ಜನ ಕೈ ತೊಳೆದು ಬಾಗಿಲಲ್ಲಿ ಸಾಲಾಗಿ ನಿಂತು ಅವಳ ಮುಂದೆ ಹತ್ತು ಬೆರಳು ಚಾಚಬೇಕು. ಅವಳು ಒಂದೊಂದನ್ನೂ ಹಿಚುಕುವಳು. ಆದರೆ ನೋಡುವುದು ಬೆರಳನ್ನಲ್ಲ, ಮುಖವನ್ನು. ರೇಡಿಯೊದ ಹವಾಮಾನ, ಅಂಗಡಿಯ ಮೊಟ್ಟೆ, ಬೆಳಿಗ್ಗೆಯೇ ನಗುವ ಗಂಡಸು, ಇವು ಯಾವುದನ್ನೂ ಅವಳು ನಂಬುವುದಿಲ್ಲ. ಸಕ್ಕರೆ ಡಬ್ಬಿಗೂ ಬೀಗ. ಗಂಡ ಬದುಕಿದ್ದಾಗ ಅವನು ಕಡಲಿಂದ ಬಂದರೆ, ಊಟಕ್ಕೆ ಕೂರಿಸುವ ಮುಂಚೆ ಅವನ ಬೆರಳನ್ನೂ ಹಿಚುಕುತ್ತಿದ್ದಳಂತೆ.

ಗಾಯ ಸಿಕ್ಕರೆ ಮನೆಗೆ. ಏಡಿಯ ಸೀಸನ್ ಇರುವುದೇ ಹತ್ತು ವಾರ. ಏಡಿ ಬಿಡಿಸುವ ಸಾಲಿನಿಂದ ಒಮ್ಮೆ ಹೊರಬಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಬಂದ ಹಾಗೇ. ಅವಳು ಎಲ್ಲವನ್ನೂ ಮೇಸ್ತ್ರಿ ಹೇವರ್ಡ್‌ನ ಕಿವಿಗೆ ಊದುತ್ತಾಳೆಂದು ಎಲ್ಲರಿಗೂ ಗುಮಾನಿ. ಸೆಲ್ಬಿಗೆ ಖಾತ್ರಿ.

ಅವತ್ತು ಅವನು ಎಡಗೈ ಚಾಚಿದ. ಮಂಜಿನ ಬಗ್ಗೆ ಏನೋ ಹೇಳುತ್ತ ಮೈ ತಿರುಗಿಸಿ ಮತ್ತೆ ಎಡಗೈಯನ್ನೇ ಚಾಚಿದ.

“ಏನ್ ಮಗಾ, ನಿಂಗೆ ಎರಡೂ ಎಡಗೈನಾ?”

“ಇಲ್ಲ ಅತ್ತೆ, ಅದು...”

“ಇನ್ನೊಂದನ್ನ ಮನೇಲಿ ಬಿಟ್ಟು ಬಂದ್ಯಾ? ತೆಗಿ ಆಚೆ.”

ಹಿಚುಕಿದಳು. ಅವನು ಕೂಗಿದ ಕೂಗಿಗೆ ಮಾಡಿನ ಮೇಲಿನ ಕಡಲಹಕ್ಕಿಗಳು ಎದ್ದವು.

ತನ್ನ ಕೋಣೆಗೆ ಎಳೆದುಕೊಂಡು ಹೋಗಿ ಕೀವು ತೆಗೆಯುವಾಗ ಅವನು ಹಾಲಿನ ಕಥೆ ಹೇಳಿದ. ತನ್ನನ್ನು ಗೇಲಿ ಮಾಡುತ್ತಿದ್ದಾನೋ ಎಂದು ಅವಳು ಅವನನ್ನೇ ದಿಟ್ಟಿಸಿದಳು.

“ಪೆದ್ದ ನನ್ಮಗನೇ, ಅವು ಹುಟ್ಟೋದು ಮೂಳೆ ಒಳಗೆ. ರಕ್ತದಲ್ಲಿ ಗಸ್ತು ತಿರುಗ್ತಾ ಇರ್ತಾವೆ. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ನುಗ್ಗಿತಲ್ಲ, ಅದರ ಜಾಡು ಹಿಡಿದು ರಕ್ತನಾಳದ ಗೋಡೆ ಸಂದೀಲಿ ನುಸುಳಿ ಬರ್ತಾವೆ. ಸಿಕ್ಕೋರನ್ನೆಲ್ಲ ಮುಟ್ಟಿ ಮುಟ್ಟಿ ನೋಡ್ತಾವೆ, ನಮ್ಮೋನೋ ಹೊರಗಿನೋನೋ ಅಂತ. ಹೊರಗಿನೋನಾದ್ರೆ ಹಂಗೇ ನುಂಗಿ ಹೊಟ್ಟೇಲೇ ಕರಗಿಸ್ತಾವೆ. ಆಮೇಲೆ ತಾವೂ ಸಾಯ್ತಾವೆ.”

“ಹಾಗಾದ್ರೆ ಈ ಕೀವು?”

“ಹೆಣ. ನಿನಗೋಸ್ಕರ ಸತ್ತವು. ನೀನು ನೋಡಿದ್ರೆ ಹಾಲು ಕುಡ್ಕೊಂಡು ಕೂತಿದೀಯ.”

“ಈಗ ಗೆಲ್ತಾ ಇದಾವಾ ಅತ್ತೆ?”

“ನೋಡೋಣ.” ಅವಳು ನೀಲಿ ಪೆನ್ನು ತೆಗೆದು, ಕೈಯ ಮೇಲೆ ಕೆಂಪು ಹಬ್ಬಿದ್ದ ಜಾಗದ ಅಂಚಿಗೆ ಗೆರೆ ಎಳೆದಳು. “ಊಟದ ಹೊತ್ತಿಗೆ ಬಾ. ಕೆಂಪು ಗೆರೆ ದಾಟಿದ್ರೆ ಅವು ಸೋಲ್ತಿದಾವೆ ಅಂತ, ಆಸ್ಪತ್ರೆಗೆ ನಡಿ. ಅಲ್ಲೀವರ್ಗೂ ಏಡಿ ಮುಟ್ಟಬೇಡ, ಖಾಲಿ ಪೆಟ್ಟಿಗೆ ಜೋಡಿಸು.”

ಹನ್ನೊಂದಕ್ಕೆ ಸೆಲ್ಬಿ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ನೋಡಿದ. ಕೆಂಪು ಗೆರೆ ದಾಟಿತ್ತು. ಇದು ಔಷಧವಲ್ಲ, ಹೇವರ್ಡ್‌ಗೆ ತೋರಿಸಲು ಸಾಕ್ಷಿ ಎಂದು ಅವನಿಗೆ ಆಗ ಹೊಳೆಯಿತು. ಉಗುಳು ಹಚ್ಚಿ ಗೆರೆ ಉಜ್ಜಿ, ತನ್ನ ಪೆನ್ನಿನಿಂದ ಎರಡು ಬೆರಳಗಲ ಆಚೆಗೆ ಹೊಸದೊಂದು ಎಳೆದ. ತನ್ನ ಬುದ್ಧಿಗೆ ತಾನೇ ತಲೆದೂಗಿದ. ಹಾಲು ಕುಡಿದಾಗಲೂ ಹೀಗೇ ತಲೆದೂಗಿದ್ದ.

ಮಧ್ಯಾಹ್ನ ಅತ್ತೆ ಮೊದಲು ಅವನ ಮುಖ ನೋಡಿದಳು. ಆಮೇಲೆ ತನ್ನ ಬಲತೋಳಿನ ಅಂಗಿ ಮೇಲೆ ಸರಿಸಿದಳು. ಅವಳ ಕೈಯ ಮೇಲೂ ಅಂಥದೇ ನೀಲಿ ಗೆರೆ! ಕೆಲಸದವರ ಕೈಮೇಲೆ ಎಳೆದ ಗೆರೆಯನ್ನೆಲ್ಲ ಅವಳು ಅದೇ ಜಾಗಕ್ಕೆ ತನ್ನ ಕೈಮೇಲೂ ಎಳೆದಿಟ್ಟುಕೊಳ್ಳುತ್ತಿದ್ದಳು.

“ನನ್ನ ಗೆರೆ ಮಣಿಕಟ್ಟಿನ ಗಂಟಿಂದ ಈಚೆ ಇದೆ. ನಿಂದು ಗಂಟು ದಾಟಿ ಹೋಗಿದೆ. ಅದಕ್ಕೇನು ಕಾಲು ಬಂತಾ?”

ಸೆಲ್ಬಿ ಎಳೆದ ಗೆರೆಯನ್ನೂ ದಾಟಿ ಒಂದು ಕೆಂಪು ಎಳೆ ಮೊಣಕೈಯತ್ತ ಹೊರಟಿತ್ತು.

ಆಸ್ಪತ್ರೆ ಗಂಟೆಯ ದಾರಿ. ಅವಳೇ ತನ್ನ ಹಳೇ ಗಾಡಿಯಲ್ಲಿ ಕರೆದೊಯ್ದಳು. “ನೀನು ನಂಗೆ ಮೋಸ ಮಾಡ್ದೆ ಅಂದ್ಕೊಂಡ್ಯಾ? ಒಳಗೆ ಹೊಡೆದಾಡ್ತಿರೋ ಅವಕ್ಕೆ ಮಾಡಿದ್ದು. ಅವು ಒಂದು ಬ್ಯಾಕ್ಟೀರಿಯಾನ ನುಂಗೋ ಹೊತ್ತಿಗೆ ಅಲ್ಲಿ ಎರಡಾಗಿರ್ತಾವೆ. ಹೊರಗಿಂದ ಔಷಧಿ ಕಳಿಸದೆ ಇದ್ರೆ ಪಾಪ, ಎಷ್ಟೂಂತ ಸಾಯ್ತಾವೆ?”

ಐದು ದಿನ ಸೂಜಿ, ಡ್ರಿಪ್ಪು. ಇನ್ನೊಂದು ದಿನ ತಡೆದಿದ್ದರೆ ಹೆಬ್ಬೆರಳು ತೆಗೆಯಬೇಕಿತ್ತು ಎಂದರು ಡಾಕ್ಟರು. ಎರಡು ವಾರದ ಮೇಲೆ ಸೆಲ್ಬಿ ಪೂರ್ತಿ ಹತ್ತು ಬೆರಳಿನೊಂದಿಗೆ ಕಾರ್ಖಾನೆಗೆ ಬಂದ. ಸಾಲಿನಲ್ಲಿ ಅವನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದ. ಸೀಸನ್ ಮುಗಿಯುವವರೆಗೆ ನೆಲ ತೊಳೆಯುವ ಕೆಲಸ ಮಾತ್ರ ಇದೆ ಎಂದ ಹೇವರ್ಡ್.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ, ಹಿಂದೆ ನಿಂತವರೆಲ್ಲ ಕಿವಿ ನಿಮಿರಿಸಿದ್ದಾಗಲೇ, ಅವನು ಕೇಳಿಬಿಟ್ಟ.

“ಅತ್ತೆ, ಬೇಜಾರು ಮಾಡ್ಕೋಬೇಡಿ. ಅವತ್ತು ಮೇಸ್ತ್ರಿಗೆ ನನ್ನ ಬೆರಳಿನ ವಿಷಯ ಹೇಳಿದ್ದು ಯಾರು?”

“ನಾನೇ. ನಾಳೆ ಸಿಕ್ಕಿಬಿದ್ರೆ ನಾಳೇನೂ ಹೇಳ್ತೀನಿ. ಬಲಗೈ ತೋರ್ಸು.”