ಮೈಕು ಹಿಡಿಯುವ ಮುಂಚೆ

ಬಟ್ಟೆ ಕಾರ್ಖಾನೆಯ ಹೆಂಗಸರು ತಮ್ಮ ಸಂಘದ ಅಧ್ಯಕ್ಷೆಗೆ ಇಟ್ಟ ಹೆಸರು ತಡಿ ಅಕ್ಕ. ಯಾರು ಏನೇ ದೂರು ತಂದರೂ ಅವಳ ಮೊದಲ ಮಾತು, ‘ತಡಿ, ನೋಡ್ಕೊಂಡು ಬರ್ತೀನಿ.’ ಮನೆಯಲ್ಲಿ ಮಾತ್ರ ಯಾರೂ ಅವಳಿಗಾಗಿ ತಡೆಯುವುದಿಲ್ಲ. ಅಡುಗೆ, ಬಟ್ಟೆ, ಅತ್ತೆಯ ಮಾತ್ರೆ ಎಲ್ಲ ಮುಗಿಸಿಯೇ ಅವಳು ಕಾರ್ಖಾನೆಯ ಕೆಳಮಹಡಿಯ ತನ್ನ ಹೊಲಿಗೆ ಮಿಷನ್ನಿಗೆ ಬಂದು ಕೂರಬೇಕು.

ಅಂದು ಮೇಲಿನ ಮಹಡಿಯಲ್ಲಿ ಕಾಲರ್ ಹೊಲಿಯುವ ಹುಡುಗಿ ಕುಸಿದುಬಿದ್ದಳು. ಸೂಪರ್‌ವೈಸರ್ ಅಲ್ಲಿನ ಶೌಚಾಲಯಕ್ಕೆ ಬೀಗ ಜಡಿದಿದ್ದನಂತೆ ಎಂಬ ಸುದ್ದಿ ಹಬ್ಬಿತು. ಮಿಷನ್ನುಗಳು ನಿಂತವು. ಗೇಟಿಗೆ ಟಿವಿಯವರೂ ಬಂದರು.

‘ಅಕ್ಕಾ, ಮೈಕ್ ಹಿಡಿ. ಅವನ ಜನ್ಮ ಜಾಲಾಡಿಬಿಡು!’

‘ಬೀಗ ನೋಡಿದ್ಯಾರು?’

‘ಎಲ್ಲರೂ ಹೇಳ್ತಿದಾರಲ್ಲ!’

‘ಎಲ್ಲರೂ ಅನ್ನೋಳು ಯಾವ ಲೈನಲ್ಲಿ ಹೊಲೀತಾಳೆ? ತಡಿ.’

‘ಶುರುವಾಯ್ತು! ಇವಳು ತಡಿ ಅನ್ನೋದ್ರೊಳಗೆ ಟಿವಿಯೋರು ಗಾಡಿ ಹತ್ತಿರ್ತಾರೆ.’

ಹುಡುಗಿಯದು ನಾಟಕ, ಕೆಲಸದಿಂದ ತೆಗೀತೀನಿ ಎಂದು ಮ್ಯಾನೇಜರ್ ಆಗಲೇ ಕೂಗಾಡಿದ್ದ. ಒಂದು ಮಾತು ತಪ್ಪಿದರೂ ಅವನಿಗೆ ಅಷ್ಟೇ ಸಾಕು. ಮೆಟ್ಟಿಲು ಹತ್ತುವಾಗ ಗಂಡನ ಫೋನು: ‘ಹಾಲು ಎಲ್ಲಿಟ್ಟಿದೀಯೇ?’

‘ಕಣ್ಣೆದುರಿಗೇ ಇದೆ, ಹುಡುಕಿ.’

ಶೌಚಾಲಯದ ಬಾಗಿಲು ತಳ್ಳಿದ ಕೂಡಲೇ ತೆರೆಯಿತು. ಬೀಗವಿರಲಿಲ್ಲ. ಒಳಗಡೆ ಚಿಲಕವೂ ಇರಲಿಲ್ಲ, ಮೊಳೆ ಕಿತ್ತ ತೂತುಗಳಷ್ಟೇ.

ಹುಡುಗಿಯನ್ನು ಮಲಗಿಸಿದ್ದ ಕೋಣೆಗೆ ಓಡಿದಳು.

‘ಗಂಡಸ್ರು ಅಲ್ಲೇ ಓಡಾಡ್ತಾರೆ ಅಕ್ಕ. ಚಿಲಕ ಇಲ್ದೆ ಹೋಗೋದು ಹೇಗೆ? ಅದಕ್ಕೇ ಮೇಲಿನವರು ಯಾರೂ ನೀರೇ ಕುಡಿಯಲ್ಲ.’

‘ತಿಂಡಿ ತಿಂದಿದ್ಯಾ?’

‘ಮನೇಲಿ ಎಲ್ಲರಿಗೂ ಬಡಿಸೋಷ್ಟರಲ್ಲಿ ಬಸ್ಸು ಬಂತು.’

‘ಚಿಲಕದ್ದು ಹೊರಗೆ ಹೇಳ್ಲಾ?’

‘ಹೇಳು. ನನ್ನ ಹೆಸರು ಬೇಕಾದ್ರೂ ಹೇಳು.’

ಗೇಟಿನಲ್ಲಿ ಮ್ಯಾನೇಜರ್ ಟಿವಿಯವರನ್ನು ಕರೆಯುತ್ತಿದ್ದ. ‘ಬನ್ನಿ, ಬೀಗ ಎಲ್ಲಿದೆ ನೀವೇ ನೋಡಿ.’

ತಡಿ ಅಕ್ಕ ಮೈಕು ಹಿಡಿದಳು. ‘ಸಾಹೇಬ್ರು ಹೇಳೋದು ನಿಜ. ಬೀಗ ಇಲ್ಲ.’

‘ಮಾರ್ಕೊಂಡುಬಿಟ್ಲು!’ ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳು ಮಾತು ನಿಲ್ಲಿಸಲಿಲ್ಲ.

‘ಒಳಗೆ ಚಿಲಕಾನೂ ಇಲ್ಲ. ಅಲ್ಲಿಗೆ ಹೋಗೋಕೆ ಹೆದರಿ ಮೇಲಿನ ಹೆಂಗಸರು ದಿನವಿಡೀ ನೀರು ಕುಡಿಯಲ್ಲ. ಬಿದ್ದ ಹುಡುಗೀನೂ ಕುಡಿದಿರ್ಲಿಲ್ಲ. ನಡೀರಿ ಸಾಹೇಬ್ರೇ, ತೋರ್ಸಿ.’

ಮ್ಯಾನೇಜರ್ ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತ. ‘ಅದು ಹೆಂಗಸರ ಶೌಚಾಲಯ. ಕಂಡವರೆಲ್ಲ ನುಗ್ಗೋಕಾಗಲ್ಲ. ಮಾನ ಮರ್ಯಾದೆ ಪ್ರಶ್ನೆ.’

ಗುಂಪಿನಲ್ಲಿದ್ದ ಗುಂಡಿ ಹೊಲಿಯುವ ಮುದುಕಿ, ‘ನಾವೂ ಅದನ್ನೇ ಅಲ್ವೇನಪ್ಪಾ ಹೇಳ್ತಿರೋದು?’ ಎಂದಳು.